ಲಿಬರ್ಟಿ ಸೀಸನ್ ಟಿಕೆಟ್ ತಗೋಬೇಕಾ, ನಾಲ್ಕು ದೊಡ್ಡ ಮ್ಯಾಚ್ ನೋಡಿದ್ರೆ ಸಾಕಾ?

ನ್ಯೂಯಾರ್ಕಿನ ಹೆಣ್ಮಕ್ಕಳ ಬಾಸ್ಕೆಟ್‌ಬಾಲ್ ಟೀಮು ಲಿಬರ್ಟಿಗೆ ಇಡೀ ಸೀಸನ್ನಿನ ಟಿಕೆಟ್ ತಗೋಬೇಕಾ, ದೊಡ್ಡ ಹೆಸರಿರೋ ನಾಲ್ಕು ಮ್ಯಾಚ್ ಸಾಕಾ ಅಂತ ಕೇಳಿದೀರ. ಕೇಳಿರೋದು ಟಿಕೆಟ್ ವಿಷಯ, ಆದ್ರೆ ಕೊನೇಲಿ "ಮಾರನೇ ದಿನ ಮಗಳಿಗೆ ಸ್ಕೂಲ್ ಇದ್ರೆ ಮುಗಿಯೋಕೆ ಮುಂಚೆ ಎದ್ದು ಬರಬಹುದಲ್ವಾ" ಅಂತ ಒಂದು ಸಾಲು ಸೇರಿಸಿದೀರ ನೋಡಿ, ಅಲ್ಲಿಗೆ ಬಂದಾಗ ಎದೆ ಧಸಕ್ ಅಂತು. ಬರಬೇಡಿ. ಬಾಕಿದೆಲ್ಲ ಆಮೇಲೆ ಹೇಳ್ತೀನಿ.

ನಾವೂ ನಿಮ್ ತರ ನ್ಯೂಯಾರ್ಕ್ ಪಕ್ಕದ ಜರ್ಸಿ ಸಿಟೀಲೇ ಇರೋದು, ಜರ್ನಲ್ ಸ್ಕ್ವೇರ್ ಹತ್ರ. ನಾನು ತುಮಕೂರಿನವನು, ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿರ್ಲಿಲ್ಲ. 2024ರಲ್ಲಿ ನನ್ನ ಮಗಳಿಗೆ ಹತ್ತು ವರ್ಷ, ಸ್ಕೂಲ್ ಬಾಸ್ಕೆಟ್‌ಬಾಲ್ ಟೀಮಿಗೆ ಸೇರಿದ್ಲು, ಬಹುಪಾಲು ಬದಲಿ ಆಟಗಾರ್ತಿಯರ ಬೆಂಚಲ್ಲೇ ಕೂತಿರ್ತಿದ್ಲು. ನಾನೂ ನಿಮ್ ತರಾನೇ "ದೊಡ್ಡ ಮ್ಯಾಚ್" ಹುಡುಕಿ ಮೇ 18ಕ್ಕೆ ಟಿಕೆಟ್ ತಗೊಂಡೆ, ಇಂಡಿಯಾನಾ ಫೀವರ್ ಟೀಮಿನ ಜೊತೆ, ಅವರ ಹೆಸರಾಂತ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಬರ್ತಾಳೆ ಅಂತ. ಲಿಬರ್ಟಿಯವರು ಆಡೋ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್ ತುಂಬಿ ಹೋಗಿತ್ತು, 17,735 ಜನ. ಲಿಬರ್ಟಿ 91-80ಕ್ಕೆ ಗೆದ್ರು. ವಾಪಸ್ ಬರುವಾಗ ರೈಲಲ್ಲಿ ಮಗಳು ಕ್ಲಾರ್ಕ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಲಿಬರ್ಟಿಯ ಜಾನ್ಕೆಲ್ ಜೋನ್ಸ್ ಬಗ್ಗೆನೇ ಮಾತು. ಬಹಾಮಾಸ್‌ನವಳು, ಆರು ಅಡಿ ಆರಿಂಚು. "ಅಪ್ಪ ಅವಳು ಬಾಲ್ ಇಲ್ದೇ ಇರುವಾಗ ಏನ್ ಮಾಡ್ತಾಳೆ ನೋಡ್ದಾ?" ಅಂದ್ಲು. ನಾನು ಬಾಲ್ ಹಿಂದೇನೇ ಓಡ್ತಿದ್ದೆ, ನೋಡಿರ್ಲಿಲ್ಲ.

ಆಮೇಲೆ ಇಡೀ ಬೇಸಿಗೆ ನಮ್ಮನೇಲಿ ಅದೇ. 40 ಮ್ಯಾಚಲ್ಲಿ 32 ಗೆದ್ರು. ನನಗೆ ಗೊತ್ತಿದ್ದ ಹೆಸರು ಎರಡೇ, ಬ್ರಿಯಾನಾ ಸ್ಟೀವರ್ಟ್, ಸಬ್ರೀನಾ ಅಯೊನೆಸ್ಕು. ಮಗಳು ಮಾತ್ರ ಬೆಂಚಿಂದ ಎದ್ದು ಬರೋರನ್ನೇ ನೋಡ್ತಿದ್ಲು, ಲಿಯೋನಿ ಫೀಬಿಶ್, ನ್ಯಾರಾ ಸಬಾಲಿ, ಇಬ್ಬರೂ ಜರ್ಮನಿಯವರು. ಬೆಂಚಲ್ಲಿ ಕೂರೋ ಮಗೂಗೆ ಬೆಂಚೇ ಕಣ್ಣಿಗೆ ಬೀಳುತ್ತೆ ಅನ್ನೋದು ನನಗೆ ತಡವಾಗಿ ಹೊಳೀತು. ಪ್ಲೇಆಫ್ ಬಂದಾಗ ಆಗಿನ ಕೋಚ್ ಸ್ಯಾಂಡಿ ಬ್ರಾಂಡೆಲ್ಲೊ ಅಷ್ಟು ಅನುಭವ ಇರೋ ಕೋರ್ಟ್ನಿ ವ್ಯಾಂಡರ್‌ಸ್ಲೂಟ್‌ನ ಬೆಂಚಿಗೆ ಕಳಿಸಿ ಫೀಬಿಶ್‌ನ ಶುರುವಿನ ಐದರಲ್ಲಿ ಹಾಕಿದ್ರು, ಆವತ್ತು ಮಗಳು ಮನೆ ತುಂಬಾ ಕುಣಿದಾಡಿದ್ಲು.

ಅಕ್ಟೋಬರ್ 10, ಗುರುವಾರ. ಫೈನಲ್ ಅಂದ್ರೆ ಇಲ್ಲಿ ಒಂದೇ ಮ್ಯಾಚಲ್ಲ, ಸರಣಿ; ಅದರ ಮೊದಲನೇ ಮ್ಯಾಚು, ಮಿನೆಸೋಟ ಲಿಂಕ್ಸ್ ಟೀಮಿನ ಜೊತೆ, ರಾತ್ರಿ ಎಂಟಕ್ಕೆ. ಖರ್ಚು ಜಾಸ್ತಿ ಅಂತ ನನ್ನ ಹೆಂಡ್ತಿ ಬರಲ್ಲ ಅಂದ್ಲು, ನಾನೂ ಮಗಳೂ ಇಬ್ಬರೇ ಹೋದ್ವಿ, ಮೇಲಿನ ಸೀಟು. ಪಕ್ಕದಲ್ಲಿ ಎಪ್ಪತ್ತು ದಾಟಿರೋ ಒಬ್ಬ ಅಜ್ಜಿ, ಒಬ್ರೇ ಬಂದಿದ್ರು. ಹಾಫ್ ಟೈಮಲ್ಲಿ ಮಗಳಿಗೆ ಟೀಮಿನ ಕಥೆ ಎಲ್ಲ ಹೇಳಿದ್ರು: 1997ರಲ್ಲಿ ಲೀಗ್ ಹುಟ್ಟಿದಾಗಿಂದ ಇರೋ ಟೀಮು, ಐದು ಸಲ ಫೈನಲ್‌ಗೆ ಹೋಗಿ ಐದೂ ಸೋತಿದಾರೆ, ಒಂದು ಕಾಲದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡ್ತಿದ್ದೋರನ್ನ ಆಮೇಲೆ ವೈಟ್ ಪ್ಲೇನ್ಸ್‌ನ ಒಂದು ಚಿಕ್ಕ ಹಾಲ್‌ಗೆ ಕಳಿಸಿದ್ರು, ಅಲ್ಲಿಗೂ ಹೋಗ್ತಿದ್ದೆ ಅಂದ್ರು. 2020ರಲ್ಲಿ 22 ಮ್ಯಾಚಲ್ಲಿ ಬರೀ ಎರಡು ಗೆದ್ದಿದ್ರಂತೆ. ಅಂಥಾ ಟೀಮಿನ ಜೊತೆ ಇಷ್ಟು ವರ್ಷ ಇದ್ದೋರು ಪಕ್ಕದಲ್ಲೇ ಕೂತಿದ್ರು ಕಣ್ರೀ.

ಮೊದಲರ್ಧದಲ್ಲಿ ಲಿಬರ್ಟಿ 18 ಪಾಯಿಂಟ್ ಮುಂದೆ ಇದ್ರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಇನ್ನೇನು ಐದು ನಿಮಿಷ ಬಾಕಿ ಅನ್ನುವಾಗ ಲೀಡ್ 15. ನಾನು ಎದ್ದೆ.

ಯಾಕೆ ಎದ್ದೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದೇ ಲೆಕ್ಕ ಹಾಕ್ತೀರ. ನನ್ನ ತಲೇಲಿ ಇದ್ದಿದ್ದು ಕ್ರಿಕೆಟ್. 30 ಬಾಲಿಗೆ 90 ಬೇಕು ಅಂದ್ರೆ ಚಿನ್ನಸ್ವಾಮೀಲಿ ಜನ ಎದ್ದು ಗೇಟ್ ಕಡೆ ನಡೀತಾರೆ, ಮೆಜೆಸ್ಟಿಕ್ ಬಸ್ ಸಿಗ್ಲಿ ಅಂತ. ಕ್ರಿಕೆಟಲ್ಲಿ ಬಾಲ್ ಮುಗೀತಾ ಹೋಗುತ್ತೆ, ಅದನ್ನ ಯಾರೂ ಹಿಡಿದು ನಿಲ್ಲಿಸೋಕಾಗಲ್ಲ. ಬಾಸ್ಕೆಟ್‌ಬಾಲಲ್ಲಿ ಹಿಂದೆ ಇರೋ ಟೀಮು ಗಡಿಯಾರನೇ ನಿಲ್ಲಿಸುತ್ತೆ, ಫೌಲ್ ಮಾಡಿ, ಟೈಮ್‌ಔಟ್ ಕೇಳಿ. ಐದು ನಿಮಿಷ ಅಂದ್ರೆ ನಮ್ಮ ವಾಚಲ್ಲಿ ಇಪ್ಪತ್ತು ನಿಮಿಷ ಆಗ್ಬಹುದು. ಇನ್ನೊಂದು, ಶಾಟ್ ಕ್ಲಾಕ್ 24 ಸೆಕೆಂಡು, ಬಾಲ್ ಕೈಗೆ ಬಂದ್ಮೇಲೆ ಅಷ್ಟರೊಳಗೆ ಬುಟ್ಟಿಗೆ ಎಸೀಬೇಕು. ಮುಂದೆ ಇರೋರು ಆ 24ನ್ನೂ ನಿಧಾನಕ್ಕೆ ತಿಂದು ಕೊನೇಲಿ ಗಡಿಬಿಡಿಯಲ್ಲಿ ಎಸೆದು ತಪ್ಪಿಸ್ತಾರೆ, ಹಿಂದೆ ಇರೋರು ಹತ್ತೇ ಸೆಕೆಂಡಲ್ಲಿ ತ್ರೀ, ಅಂದ್ರೆ ದೂರದಿಂದ ಎಸೆದು ಮೂರು ಪಾಯಿಂಟ್, ಹಾಕ್ತಾರೆ, ಹಾಗೆ ನಾಲ್ಕೈದು ಸಲ ಆದ್ರೆ 15 ಎಲ್ಲೋಯ್ತು? ಇದು ಯಾವುದೂ ಆಗ ನನಗೆ ಗೊತ್ತಿರ್ಲಿಲ್ಲ, ಗೊತ್ತಿದ್ದ ಮಗಳ ಮಾತು ಕೇಳ್ಲಿಲ್ಲ. ಸಬ್‌ವೇಯ ಆರ್ ರೈಲು, ಆಮೇಲೆ ಜರ್ಸಿಗೆ ಹೋಗೋ ಪಾಥ್ ರೈಲು, ಹನ್ನೊಂದಾದ್ಮೇಲೆ ಪಾಥ್ ಕಮ್ಮಿ, ಬೆಳಿಗ್ಗೆ ಎದ್ದು ಸ್ಕೂಲು, ಇದೇ ನನ್ನ ತಲೇಲಿ. "ಇನ್ನೊಂದೇ ಐದು ನಿಮಿಷ ಅಪ್ಪ" ಅಂದ್ಲು. ಗೆದ್ದಾಯ್ತಲ್ಲ ಪುಟ್ಟಿ ನಡಿ ಅಂದೆ. ಅಜ್ಜಿ ಮಂಡಿ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟು "ಈಗ್ಲೇನಾ?" ಅಂತ ಕೇಳಿದ್ರು, ಅಷ್ಟೇ. ಅವರು ಸೀಟಿಂದ ಅಲ್ಲಾಡ್ಲಿಲ್ಲ.

ಪ್ಲಾಟ್‌ಫಾರ್ಮಲ್ಲಿ ಹತ್ತು ನಿಮಿಷ ಕಾದ್ವಿ. ಜೇ ಸ್ಟ್ರೀಟ್ ಸ್ಟೇಷನ್ ಹತ್ರ ಮಗಳ ಫೋನಲ್ಲಿ ಸ್ಕೋರ್ ಬದಲಾಯ್ತು. ಲಿಂಕ್ಸ್ 84, ಲಿಬರ್ಟಿ 83. ಲಿಂಕ್ಸ್‌ನ ಕೋರ್ಟ್ನಿ ವಿಲಿಯಮ್ಸ್ ತ್ರೀ ಹಾಕುವಾಗ ಫೌಲೂ ಸಿಕ್ಕಿ ನಾಲ್ಕು ಪಾಯಿಂಟ್ ಬಂದಿತ್ತು, ಉಳಿದಿದ್ದು 5.5 ಸೆಕೆಂಡು. ಮುಂದಿನ ಸ್ಟಾಪಲ್ಲಿ 84-84, ಸಮ ಆಯ್ತು, ಓವರ್‌ಟೈಮ್, ಅಂದ್ರೆ ಹೆಚ್ಚುವರಿ ಆಟ. ಇಳಿದು ವಾಪಸ್ ಹೋಗೋಣ ಅಂದ್ಲು. ಹೊರಗೆ ಬಂದ್ಮೇಲೆ ಮತ್ತೆ ಒಳಗೆ ಬಿಡಲ್ಲ ಅಂತ ನಾನು ಹೇಳ್ಬೇಕಾಯ್ತು. ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಪಾಥ್ ಕಾಯ್ತಾ ನಿಂತಿರುವಾಗ ಬಂತು, ಲಿಂಕ್ಸ್ 95-93. ಕೊನೇ ಐದು ನಿಮಿಷದಲ್ಲಿ 15 ಹಿಂದೆ ಇದ್ದು ಪ್ಲೇಆಫ್ ಮ್ಯಾಚ್ ಗೆದ್ದ ಟೀಮು ಲೀಗಿನ ಚರಿತ್ರೇಲೇ ಇರ್ಲಿಲ್ಲ, ಅದು ಮೊದಲನೇ ಸಲ. ನಾವು ಅದಕ್ಕೆ ಟಿಕೆಟ್ ತಗೊಂಡು ರೈಲಲ್ಲಿದ್ವಿ. ಮಗಳು ಅಳ್ಲಿಲ್ಲ, ಬೈಲಿಲ್ಲ. ಹಾಕ್ಕೊಂಡಿದ್ದ ಹಸಿರು ಟೀ ಶರ್ಟಿನ ಅಂಚು ಬೆರಳಿಗೆ ಸುತ್ತಿಕೊಂಡು ನಿಂತಿದ್ಲು ಮನೆ ಬರೋವರೆಗೂ.

ಫೈನಲ್ ಐದು ಮ್ಯಾಚಿಗೆ ಹೋಯ್ತು. ಐದನೇದು ಮತ್ತೆ ಬಾರ್ಕ್ಲೇಸಲ್ಲೇ, ಅಕ್ಟೋಬರ್ 20, ಭಾನುವಾರ. ಟಿಕೆಟ್ ಬೆಲೆ ಕೇಳೋಹಂಗೇ ಇರ್ಲಿಲ್ಲ, ಟೀವಿ ಮುಂದೆ ಕೂತ್ವಿ. ಉಳಿದಿದ್ದು 5.2 ಸೆಕೆಂಡು, ಲಿಬರ್ಟಿ ಎರಡು ಪಾಯಿಂಟ್ ಹಿಂದೆ, ಸ್ಟೀವರ್ಟ್‌ಗೆ ಎರಡು ಫ್ರೀ ಥ್ರೋ, ಫೌಲಿಗೆ ಸಿಗೋ, ಯಾರೂ ಅಡ್ಡ ಬರದ ಎಸೆತ, ಒಂದಕ್ಕೊಂದು ಪಾಯಿಂಟ್. ಮಗಳು ಸೋಫಾ ಹಿಂದೆ ಹೋಗಿ ನಿಂತ್ಕೊಂಡ್ಲು. ನೋಡಕ್ಕಾಗಲ್ಲ ಅಂದ್ಲು. ಯಾಕೆ, ಇವಳು ಅಷ್ಟು ದೊಡ್ಡ ಆಟಗಾರ್ತಿ, ಹಾಕ್ತಾಳೆ ಬಿಡು ಅಂದೆ. "ಅಪ್ಪ, ಮೊದಲನೇ ಮ್ಯಾಚಲ್ಲಿ 0.8 ಸೆಕೆಂಡ್ ಇದ್ದಾಗ ಇವಳೇ ಒಂದು ಹಾಕಿ ಒಂದು ತಪ್ಪಿಸಿದ್ದು. ಅದಕ್ಕೇ ಓವರ್‌ಟೈಮ್ ಆಗಿದ್ದು. ನಾವು ಇರ್ಲಿಲ್ಲ." ಆಮೇಲೆ ಅವಳೊಬ್ಬಳೇ ಅದರ ವಿಡಿಯೋ ನೋಡಿದ್ಲಂತೆ. ಸ್ಟೀವರ್ಟ್ ಎರಡೂ ಹಾಕಿದ್ಲು, ಬೊಬ್ಬೆ ಹೊಡೆದು ಮನೆ ಹಾರಿ ಹೋಯ್ತು, ಆದ್ರೆ ಆ ಎರಡನೇ ಫ್ರೀ ಥ್ರೋನ ಭಾರ ಎಷ್ಟು ಅಂತ ಗೊತ್ತಿದ್ದಿದ್ದು ಅವಳಿಗೆ, ಹತ್ತು ದಿನದ ಹಿಂದೆ ಕೊನೇವರೆಗೂ ಸೀಟಲ್ಲಿ ಕೂತಿದ್ದೋರಿಗೆ, ಆ ಅಜ್ಜಿಗೆ. ನನಗಲ್ಲ. ಐದು ನಿಮಿಷ ಕೊಟ್ಟು ನಾನು ಕಳ್ಕೊಂಡಿದ್ದು ಅದನ್ನ. ದುಡ್ಡು ಹೋಗಿದ್ದಕ್ಕೆ ನಾನು ಬೇಜಾರೇ ಮಾಡ್ಕೊಂಡಿಲ್ಲ.

67-62, ಓವರ್‌ಟೈಮಲ್ಲಿ ಗೆದ್ರು, 28 ಸೀಸನ್‌ಗೆ ಮೊದಲನೇ ಕಪ್. ಈಗ ನಿಮ್ಮ "ಹೇಗೂ ಹೆಣ್ಮಕ್ಕಳ ಲೀಗು, ದೊಡ್ಡ ಹೆಸರಿರೋ ಮ್ಯಾಚ್ ನೋಡಿದ್ರೆ ಸಾಕಲ್ವಾ" ಅನ್ನೋದಕ್ಕೆ ಬರ್ತೀನಿ. ಈ ಮಾತು ನಿಮ್ಮ ಮಗಳ ಮುಂದೆ ದಯವಿಟ್ಟು ಹೇಳ್ಬೇಡಿ. ಆ ಐದನೇ ಮ್ಯಾಚಲ್ಲಿ ದೊಡ್ಡ ಹೆಸರುಗಳು ಏನ್ ಮಾಡಿದ್ವು ಗೊತ್ತಾ? ಅಯೊನೆಸ್ಕು 19 ಶಾಟಲ್ಲಿ ಒಂದೇ ಒಂದು ಹಾಕಿದ್ದು, ಸ್ಟೀವರ್ಟ್ 15ರಲ್ಲಿ ನಾಲ್ಕು. ಗೆಲ್ಲಿಸಿದ್ದು ಜೋನ್ಸ್ 17 ಪಾಯಿಂಟ್, ಫೀಬಿಶ್ 13, ಸಬಾಲಿ 13. ಅದೇ ಬೆಂಚಿನ ಇಬ್ಬರು! ಮೇ ತಿಂಗಳಿಂದ ನೋಡ್ತಾ ಬಂದಿದ್ದ ನನ್ನ ಮಗಳಿಗೆ ಅದು ಆಶ್ಚರ್ಯ ಅನ್ನಿಸ್ಲೇ ಇಲ್ಲ. ನಾಲ್ಕು ದೊಡ್ಡ ಮ್ಯಾಚ್ ಆರಿಸ್ಕೊಂಡು ನೋಡೋರಿಗೆ ಇವರು ಯಾರು ಅಂತಾನೇ ಗೊತ್ತಾಗಲ್ಲ.

ಅದಕ್ಕೇ ನನ್ನ ಉತ್ತರ, ಕೈಲಾದ್ರೆ ಸೀಸನ್ ಟಿಕೆಟ್ ತಗೊಳ್ಳಿ, ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಸೀಟಾದ್ರೂ ಸರಿ, ಮೇಲಿಂದ ಹತ್ತು ಜನ ಹೇಗೆ ಓಡಾಡ್ತಾರೆ ಅಂತ ಚೆನ್ನಾಗಿ ಕಾಣುತ್ತೆ. ಆಗ್ಲಿಲ್ಲ ಅಂದ್ರೆ ದೊಡ್ಡ ಮ್ಯಾಚ್ ಬಿಟ್ಟು ಜೂನಲ್ಲಿ ವಾರದ ನಡುವಿನ ಸಾದಾ ಮ್ಯಾಚ್ ನಾಲ್ಕೈದು ತಗೊಳ್ಳಿ, ಉಳಿದಿದ್ದು ಟೀವೀಲಿ ನೋಡಿ. ಬೇಗ ಹೋಗಿ ವಾರ್ಮಪ್ ನೋಡಿ, ಅಲ್ಲಿ ಮಕ್ಕಳು ಕಲಿಯೋದು ಜಾಸ್ತಿ. ಮಾರನೇ ದಿನ ಸ್ಕೂಲಿಗೆ ಒಂದು ಪೀರಿಯಡ್ ತಡ ಆಯ್ತಾ, ಆಗ್ಲಿ.

ನಾವು 2025ಕ್ಕೆ ಸೀಸನ್ ಟಿಕೆಟ್ ತಗೊಂಡ್ವಿ. ಮೊದಲ ಮ್ಯಾಚಿನ ದಿನ ಹಿಂದಿನ ವರ್ಷ ಕಪ್ ಗೆದ್ದಿದ್ದಕ್ಕೆ ಆಟಗಾರ್ತಿಯರಿಗೆ ಉಂಗುರ ಕೊಟ್ಟು ಬ್ಯಾನರ್ ಮೇಲೇರಿಸಿದ್ದನ್ನ ನೋಡಿದ್ವಿ. ಆದ್ರೆ ವರ್ಷ ಚೆನ್ನಾಗಿ ಹೋಗ್ಲಿಲ್ಲ, ಗಾಯಗಳು, 27 ಗೆಲುವು 17 ಸೋಲು, ಪ್ಲೇಆಫ್‌ನ ಮೊದಲನೇ ರೌಂಡಲ್ಲೇ ಫೀನಿಕ್ಸ್ ಮರ್ಕ್ಯುರಿ ಟೀಮಿನ ಕೈಲಿ ಹೊರಗೆ. ಅದರಲ್ಲಿ ಎರಡನೇ ಮ್ಯಾಚು ಬಾರ್ಕ್ಲೇಸಲ್ಲಿ, ಸೆಪ್ಟೆಂಬರ್ 17, ಬುಧವಾರ, 86-60ಕ್ಕೆ ಸೋತ್ರು. ಕೊನೇ ಕ್ವಾರ್ಟರ್‌ನಲ್ಲಿ ನಮ್ಮ ಸಾಲು ಖಾಲಿ ಆಗ್ತಾ ಹೋಯ್ತು, ಒಬ್ಬೊಬ್ಬರೂ "ಎಕ್ಸ್‌ಕ್ಯೂಸ್ ಮಿ" ಅಂತ ನಮ್ಮ ಮುಂದೆ ಹಾದು ಹೋಗ್ತಿದ್ರು. ಮಗಳು ಮಂಡಿ ಪಕ್ಕಕ್ಕೆ ಸರಿಸಿ ದಾರಿ ಬಿಡ್ತಿದ್ಲು, ಕಣ್ಣು ಮಾತ್ರ ಅಂಕಣದ ಮೇಲೆ. ಹಾರ್ನ್ ಆಗೋವರೆಗೂ ನಾನು ವಾಚ್ ನೋಡ್ಲಿಲ್ಲ.