"ನನ್ನ ಕೈಯಾಗ ಇರೂವಂಥಾದ್ದು ಏನರ ಕೊಡ್ರಿ"

ನನ್ನ ಬಳಿ ಸಲಹೆಗೆ ಬಂದ ಹೆಣ್ಣುಮಗಳು ಹಾವೇರಿ ಜಿಲ್ಲೆಯವರು, ವಯಸ್ಸು ಮೂವತ್ತರ ಆಸುಪಾಸು, ಮನೆಯಲ್ಲೇ ಹೊಲಿಗೆ, ಇಬ್ಬರು ಮಕ್ಕಳು. ಗಂಡ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡನಿಗೆ ಜನನಾಂಗದ ಹರ್ಪಿಸ್, ಅಂದರೆ ಕೂಡುವುದರಿಂದ ಅಂಟುವ ವೈರಸ್ ಕಾಯಿಲೆ, ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ನೀರುಗುಳ್ಳೆ ಏಳುತ್ತವೆ, ಒಡೆದು ಹುಣ್ಣಾಗುತ್ತವೆ, ಮಾಯುತ್ತವೆ, ಮತ್ತೆ ಬರುತ್ತವೆ. ಇವರಿಗೆ ಈವರೆಗೆ ಏನೂ ಕಾಣಿಸಿಕೊಂಡಿಲ್ಲ.

ಬಾಗಿಲು ಹಾಕಿದ ಮೇಲೆ ಪರ್ಸಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಇಟ್ಟುಕೊಳ್ಳುವ ಗರ್ಭನಿರೋಧಕ ಬಿಲ್ಲೆ, ಅರ್ಧ ಖಾಲಿ. "ಅಕ್ಕಾರ, ಕಾಂಡೋಮ್ ಅಂದ್ರ ಅವರು ಸಿಟ್ಟಿಗೇಳ್ತಾರ. ನನ್ನ ಕೈಯಾಗ ಇರೂವಂಥಾದ್ದು ಏನರ ಕೊಡ್ರಿ, ಹಚ್ಚಿಕೊಂತೇನಿ." ವೈರಸ್ ಕೊಲ್ಲುವ ಜೆಲ್ ಇದೆಯೆಂದು ಮೊಬೈಲಿನಲ್ಲಿ ನೋಡಿದ್ದರಂತೆ. ಅದು ಸಿಗದೆ ಔಷಧಿ ಅಂಗಡಿಯಿಂದ ಇದನ್ನು ತಂದಿದ್ದರು. ಉರಿ ಶುರುವಾದಾಗ ಆಂಟಿಸೆಪ್ಟಿಕ್ ಬೆರೆಸಿದ ನೀರಿನಿಂದ ಒಳಗೆ ತೊಳೆದಿದ್ದರು. "ಉರದ್ರ ಹುಳ ಸಾಯಾಕತ್ತಾವು ಅಂತ ತಿಳ್ಕೊಂಡೆ."

ಎರಡನ್ನೂ ಅಂದೇ ನಿಲ್ಲಿಸಲು ಹೇಳಿದೆ. ಆ ಬಿಲ್ಲೆಯಲ್ಲಿರುವುದು ನಾನಾಕ್ಸಿನಾಲ್-9, ವೀರ್ಯಾಣು ಕೊಲ್ಲುವ ರಾಸಾಯನಿಕ. ಎಚ್‌ಐವಿಯನ್ನೂ ತಡೆದೀತೆಂದು ಹಿಂದೆ ಪರೀಕ್ಷಿಸಿದ್ದರು. 2000ರಲ್ಲಿ ಫಲಿತಾಂಶ ಬಂದಾಗ, ಬಳಸಿದವರಲ್ಲೇ ಸೋಂಕು ಹೆಚ್ಚಾಗಿತ್ತು. ಪದೇ ಪದೇ ಬಳಸಿದರೆ ಒಳಗಿನ ತೆಳುಪೊರೆ ಕೆರಳಿ ಸುಲಿಯುತ್ತದೆ. ಸುಲಿದ ಜಾಗ ವೈರಸ್ಸಿಗೆ ತೆರೆದ ಬಾಗಿಲು.

ಆದರೆ ಅವರು ಕೇಳಿದ್ದು ಹುಚ್ಚು ಕೇಳಿಕೆಯೇನಲ್ಲ. ಗಂಡಸಿನ ಒಪ್ಪಿಗೆ ಬೇಡದ ರಕ್ಷಣೆ ಹೆಣ್ಣಿನ ಕೈಗೆ ಸಿಗಲಿ ಎಂದೇ ಈ ಜೆಲ್‌ಗಳ ಸಂಶೋಧನೆ ಹುಟ್ಟಿದ್ದು. ನಮ್ಮ ಪಕ್ಕದ ಬಾಗಲಕೋಟೆಯಲ್ಲೂ ಎಚ್‌ಐವಿ ತಡೆದೀತೆಂದುಕೊಂಡ ಸೆಲ್ಯುಲೋಸ್ ಸಲ್ಫೇಟ್ ಜೆಲ್‌ನ ಪರೀಕ್ಷೆ ನಡೆದಿತ್ತು. 2007ರಲ್ಲಿ ಅರ್ಧಕ್ಕೇ ನಿಂತಿತು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟೆನೊಫೊವಿರ್ ಎಂಬ ವೈರಸ್ ತಡೆಯುವ ಔಷಧಿಯ ಜೆಲ್ ಎಚ್‌ಐವಿಯನ್ನು ಶೇ 39ರಷ್ಟು, ಹರ್ಪಿಸನ್ನು ಶೇ 51ರಷ್ಟು ತಗ್ಗಿಸಿದಾಗ ಎಲ್ಲರೂ ಹಿಗ್ಗಿದ್ದರು. 2015ರ ದೊಡ್ಡ ಪರೀಕ್ಷೆಯಲ್ಲಿ ಎಚ್‌ಐವಿ ತಡೆಯಲು ಅದೇ ಜೆಲ್ ಕೈಕೊಟ್ಟಿತು. ಬಹಳ ಮಂದಿಗೆ ಹೇಳಿದಂತೆ ಹಚ್ಚಿಕೊಳ್ಳಲು ಆಗಿರಲಿಲ್ಲ. ಕೂಡುವ ಮುಂಚಿನ 12 ಗಂಟೆಯೊಳಗೆ ಒಮ್ಮೆ, ಆಮೇಲಿನ 12 ಗಂಟೆಯೊಳಗೆ ಇನ್ನೊಮ್ಮೆ. ಅತ್ತೆ, ಮಾವ, ಮಕ್ಕಳು ಒಂದೇ ಪಡಸಾಲೆಯಲ್ಲಿ ಮಲಗುವ ಮನೆಯ ಹೆಣ್ಣುಮಗಳಿಗೆ ಈ ಲೆಕ್ಕ ಎಷ್ಟು ಕಷ್ಟವೆಂದು ಯಾರಿಗಾದರೂ ಹೊಳೆಯಬೇಕಿತ್ತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ, ಒಳಗೆ ಇಟ್ಟುಕೊಳ್ಳುವ ಡಾಪಿವಿರಿನ್ ಔಷಧಿಯ ಉಂಗುರ ಇರುವುದೂ ಎಚ್‌ಐವಿಗೇ, ಹರ್ಪಿಸಿಗಲ್ಲ.

ಹಾಗಾಗಿ ಗಂಡನನ್ನು ಬಿಟ್ಟು ಈ ಕೆಲಸ ಆಗುವಂತಿರಲಿಲ್ಲ. "ಬೈಯಾಕ ಅಲ್ಲವ್ವಾ, ಗುಳಿಗಿ ಬರಸಾಕ ಅಂತ ಕರಕೊಂಡ್ ಬಾ" ಎಂದು ಹೇಳಿ ಕಳಿಸಿದೆ.

ಮುಂದಿನ ವಾರ ಇಬ್ಬರೂ ಬಂದರು. ಕೂತವರೇ ಗಂಡ, "ನಾ ಹೊರಗ ಹೋಗಿಲ್ರಿ" ಎಂದರು. ಆ ವಿಚಾರಣೆ ನನ್ನ ಕೆಲಸವಲ್ಲ. ಹರ್ಪಿಸ್ ವರ್ಷಗಟ್ಟಲೆ ನರದಲ್ಲಿ ಅಡಗಿದ್ದು ಆಮೇಲೂ ಏಳಬಹುದು, ಮದುವೆಗೆ ಮುಂಚಿನದೂ ಇರಬಹುದು ಎಂದೆ. ಅಲ್ಲಿಂದ ಅವರ ದನಿ ಬದಲಾಯಿತು.

ಹರ್ಪಿಸ್ ವೈರಸ್ಸನ್ನು ಹತ್ತಿಕ್ಕುವ ವ್ಯಾಲಸೈಕ್ಲೊವಿರ್ ಮಾತ್ರೆಯನ್ನು ಗಂಡ ದಿನಕ್ಕೊಂದು, 500 ಮಿಲಿಗ್ರಾಂನದು, ನುಂಗಿದರೆ ಸಂಗಾತಿಗೆ ಅಂಟುವ ಸಾಧ್ಯತೆ ಸುಮಾರು ಅರ್ಧಕ್ಕಿಳಿಯುತ್ತದೆ. ವೈದ್ಯರು ಅದನ್ನೇ ಬರೆದುಕೊಟ್ಟರು. ಚುರುಚುರು ಎಂದಾಗಿನಿಂದ ಹುಣ್ಣು ಪೂರ್ತಿ ಮಾಯುವ ತನಕ ಕೂಡುವಂತಿಲ್ಲ. ಗುಳ್ಳೆ ಇಲ್ಲದಾಗಲೂ ವೈರಸ್ ಹೊರಬೀಳುತ್ತದೆ, ಆದ್ದರಿಂದ ಉಳಿದ ದಿನ ಕಾಂಡೋಮ್; ಅದೂ ಪೂರ್ತಿ ತಡೆಯದು, ಕಡಿಮೆ ಮಾಡುತ್ತದೆ. ಇಬ್ಬರಿಗೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸಿದೆ; ಹರ್ಪಿಸ್ ಇದ್ದವರಿಗೆ ಎಚ್‌ಐವಿ ಬೇಗ ತಗಲುತ್ತದೆ. ವರದಿಯಲ್ಲಿ ಎರಡೂ ಇರಲಿಲ್ಲ.

ಹೊರಡುವಾಗ ಹೆಂಡತಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ನಿಮಗೂ ಗುಳ್ಳೆ ಎದ್ದರೆ ಮುಲಾಮು ಹಚ್ಚಿಕೊಂಡು ಕೂರಬೇಡಿ, ಮೂರು ದಿನದೊಳಗೆ ಬನ್ನಿ, ಮಾತ್ರೆ ಚೆನ್ನಾಗಿ ಹಿಡಿಯುವುದು ಆಗಲೇ.