ಬರೀ ನೀರಲ್ಲ, ಉಪ್ಪೂ ಬೇಕು
ರಾಯಚೂರು ಕಡೆ ಊರೂರು ಸಾಗ್ತಾ, ಎಷ್ಟು ನೀರು ಕುಡಿದರೂ ಮೀನಖಂಡ ಹಿಡ್ಕೊಳ್ಳುತ್ತೆ, ತಲೆನೋವು ಬರುತ್ತೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮನ್ನು ನೋಡದೆ ಹೇಳ್ತಿದ್ದೀನಿ, ಆದರೆ ಬಹುಶಃ ಬೆವರಲ್ಲಿ ಉಪ್ಪು ಹೋಗ್ತಿದೆ, ನೀವು ಬರೀ ನೀರು ತುಂಬಿಸ್ತಿದ್ದೀರಿ. ಹವಾಮಾನ ಜಾಗೃತಿಗೆ ಅಂತ ಹೊರಟು ರಾಯಚೂರು ಬಿಸಿಲನ್ನೇ ಮರೆತರೆ ಹೀಗೇ.

ಮೊದಲು ನೆರಳಲ್ಲಿ ಕೂತು ಕಾಲು ಚಾಚಿ. 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ, ಗುಟುಕು ಗುಟುಕಾಗಿ ಕುಡಿಯಿರಿ. ಉಪ್ಪು ಇದಕ್ಕಿಂತ ಹೆಚ್ಚು ಬೇಡ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ವಾಸಿ. ಊರವರು ಮಜ್ಜಿಗೆ ಕೊಟ್ಟರೆ ಸಂಕೋಚ ಬಿಟ್ಟು ಉಪ್ಪು ಹಾಕಿಸಿಕೊಳ್ಳಿ. ಮುಂದೆ ದಾರಿಯಲ್ಲಿ ಮಾನ್ವಿ ದಾಟಿ ಸಿಂಧನೂರು ಕಡೆ ಕಾಲುವೆ ನೀರು ತಿಳಿಯಾಗಿ ಕಂಡರೂ ಬಾಟಲಿಗೆ ಬೇಡ.

ನಾಳೆಯಿಂದ ನಸುಕಿನ 5ಕ್ಕೆ ಹೊರಟು 10ರೊಳಗೆ ನಿಲ್ಲಿಸಿ, ಉಳಿದದ್ದು ಸಂಜೆಗೆ. ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಉಪ್ಪು. ಮಾತು ತೊದಲಿದರೆ, ಮೈ ಕೆಂಡವಾದರೆ ಕಾಯದೆ 108ಕ್ಕೆ ಫೋನ್ ಮಾಡಿ.