ಮ್ಯಾನೇಜರ್ ಹೋದರು, ಬ್ಯಾಂಡಿನ ಹೆಸರೂ ಹೋಯಿತೇ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಐವರ ರಾಕ್ ಬ್ಯಾಂಡ್. ಮೂರು ವರ್ಷ ಮ್ಯಾನೇಜರ್ ಆಗಿದ್ದವರನ್ನು ಎರಡು ತಿಂಗಳ ಹಿಂದೆ ವಾಟ್ಸಾಪ್‌ನಲ್ಲೇ ಬಿಡಿಸಿದೆವು. ‘ಕಮಿಷನ್ ಶೇ 20’ ಎಂಬ ಒಂದು ಪುಟ ಬಿಟ್ಟರೆ ಕರಾರಿಲ್ಲ. ಕಾಲೇಜು ಫೆಸ್ಟ್, ಗಣೇಶೋತ್ಸವ, ರೆಸಾರ್ಟ್ ಶೋಗಳ ಹಣ ಅವರ ಖಾತೆಗೇ ಬರುತ್ತಿತ್ತು. ಈಗ ಲೆಕ್ಕವೂ ಇಲ್ಲ, ಕಮಿಷನ್ ಬಾಕಿ ಎಂದು ನಮ್ಮ ಸೌಂಡ್ ಮಿಕ್ಸರನ್ನೂ ಹಿಡಿದಿಟ್ಟಿದ್ದಾರೆ. ಯೂಟ್ಯೂಬ್ ಚಾನೆಲ್ ಅವರ ಕೈಲಿದೆ. ಬ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿದ್ದಾರಂತೆ. ಪೊಲೀಸರಿಗೆ ದೂರು ಕೊಡಬಹುದೇ?

ಉತ್ತರ: ಠಾಣೆಗೆ ಈಗಲೇ ಹೋದರೆ ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸುವ ಸಾಧ್ಯತೆಯೇ ಹೆಚ್ಚು. ಮೊದಲು ಲೆಕ್ಕ ಕೇಳಿ, ಅದೂ ಬರಹದಲ್ಲಿ. ಅವರನ್ನು ಕಳ್ಳ ಎಂದು ಪೋಸ್ಟ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಮಾನನಷ್ಟದ ಕೇಸಿಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಕಾನೂನಿನ ಕಣ್ಣಲ್ಲಿ ಅವರು ನಿಮ್ಮ ಏಜೆಂಟ್. ಅಡಿಕೆ ಮಂಡಿಯವರು ತೂಕ, ದರ, ಕಳೆದ ಖರ್ಚು ಬರೆದು ಪಟ್ಟಿ ಕೊಡುವುದಿಲ್ಲವೇ? ಹಾಗೆಯೇ ಕೇಳಿದಾಗ ಲೆಕ್ಕ ಒಪ್ಪಿಸುವುದು 1872ರ ಕರಾರು ಕಾಯ್ದೆಯ 213ನೇ ಕಲಂ ಪ್ರಕಾರ ಅವರ ಕರ್ತವ್ಯ. ನೋಟಿಸ್‌ನಲ್ಲಿ ಪ್ರತಿ ಶೋಗೂ ದಿನಾಂಕ, ಊರು, ಆಯೋಜಕರು, ಬಂದ ಹಣ, ಖರ್ಚು, ಕಮಿಷನ್ ಎಂದು ಕೇಳಿ 15 ದಿನ ಗಡುವು ಕೊಡಿ. ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ. ಅವರ ಉತ್ತರಕ್ಕೆ ಕಾಯುತ್ತಾ ಕೂರದೆ, ಎಷ್ಟು ಕೊಟ್ಟಿರಿ, ಯಾವ ಖಾತೆಗೆ ಎಂದು ಆಯೋಜಕರಿಂದಲೇ ಬರೆಸಿಕೊಳ್ಳಿ. ಅವರು ಮ್ಯಾನೇಜರ್ ಆಗಿದ್ದಾಗಲೇ ನೀವು ಲೆಕ್ಕ ಕೇಳಿ ಅವರು ನಿರಾಕರಿಸಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರನ್ನು ಬಿಡಿಸಿದ ದಿನದಿಂದ ದಾವೆಗೆ 3 ವರ್ಷ ಕಾಲಾವಕಾಶ.

ಜಗಳ ಹುಟ್ಟುವುದು ‘ಶೇ 20’ ಎಂಬಲ್ಲೇ. ಯಾವುದರ ಶೇ 20? ₹60,000ದ ಶೋಗೆ ಸೌಂಡ್, ವ್ಯಾನ್, ಲಾಡ್ಜ್ ಸೇರಿ ₹22,000 ಖರ್ಚಾಯಿತು ಎನ್ನಿ. ಒಟ್ಟು ಹಣದ ಮೇಲಾದರೆ ಕಮಿಷನ್ ₹12,000, ಖರ್ಚು ಕಳೆದರೆ ₹7,600. ನಿಮ್ಮ ಕಾಗದದಲ್ಲಿ ಇದು ಇಲ್ಲದಿದ್ದರೆ ಮೂರು ವರ್ಷ ಹೇಗೆ ಹಂಚಿಕೊಂಡಿರಿ ಎಂಬುದೇ ಸಾಕ್ಷಿ. ಹಳೆಯ ಚಾಟ್‌ಗಳನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ. ಅವನ್ನು ಕೋರ್ಟಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದೊಂದಿಗೆ (ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪತ್ರ) ಹಾಜರುಪಡಿಸಬೇಕಾಗುತ್ತದೆ.

ತಮಗೆ ಬರಬೇಕಾದ ಕಮಿಷನ್ನನ್ನು ಶೋ ಹಣದಲ್ಲಿ ಹಿಡಿದುಕೊಳ್ಳುವ ಹಕ್ಕು ಅವರಿಗಿದೆ. ಮಿಕ್ಸರಿನ ಕಥೆ ಬೇರೆ. ಆ ವಸ್ತುವಿಗೇ ಸಂಬಂಧಿಸಿದ ಬಾಕಿ ಇದ್ದರೆ ಮಾತ್ರ ಕರಾರು ಕಾಯ್ದೆಯ 221ನೇ ಕಲಂ ಅದನ್ನು ಹಿಡಿದಿಡಲು ಬಿಡುತ್ತದೆ. ಖರೀದಿ ಬಿಲ್ಲಿನ ನಕಲು ನೋಟಿಸಿಗೆ ಲಗತ್ತಿಸಿ.

ಹೆಸರಿನ ಬಗ್ಗೆ ಗಾಬರಿ ಬೇಡ. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಒಡೆಯರಾಗುವುದಿಲ್ಲ. ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ 41ನೇ ವರ್ಗ (ಮನರಂಜನಾ ಸೇವೆಗಳು) ನೋಡಿ. ಅವರ ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿದ್ದರೆ ಆ ದಿನದಿಂದ 4 ತಿಂಗಳೊಳಗೆ ವಿರೋಧ ಸಲ್ಲಿಸಲೇಬೇಕು. ಎಷ್ಟೋ ಬ್ಯಾಂಡ್‌ಗಳು ಸೋಲುವುದು ಈ ದಿನಾಂಕ ತಪ್ಪಿಸಿಕೊಂಡೇ. ಆಮೇಲೆ ಉಳಿಯುವುದು ನೋಂದಣಿ ರದ್ದತಿಯ ಉದ್ದನೆಯ ದಾರಿ. ಮೊದಲ ಶೋನ ಪೋಸ್ಟರ್, ದಿನಾಂಕವಿರುವ ಫೋಟೊ, ಪತ್ರಿಕಾ ವರದಿ ಸೇರಿಸಿಟ್ಟು, ಬಳಕೆ ಶುರುವಾದ ದಿನ ನಮೂದಿಸಿ ನೀವೂ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ₹4,500. ಐವರ ಹೆಸರೂ ಇರಲಿ, ಇಲ್ಲದಿದ್ದರೆ ಮುಂದಿನ ಜಗಳ ನಿಮ್ಮೊಳಗೇ.

ಹಾಡುಗಳಲ್ಲಿ ಸಾಹಿತ್ಯ, ರಾಗ, ಧ್ವನಿಮುದ್ರಣ ಬೇರೆ ಬೇರೆ ಹಕ್ಕುಗಳು. ಸಹಿ ಮಾಡಿದ ಬರಹವಿಲ್ಲದೆ ಕೃತಿಸ್ವಾಮ್ಯ ವರ್ಗವಾಗದು, ಆದ್ದರಿಂದ ಮೊದಲೆರಡು ಬರೆದವರದೇ. ಮುದ್ರಣ ಮಾತ್ರ, ಅದನ್ನು ಮಾಡಿಸುವ ಜವಾಬ್ದಾರಿ ಹೊತ್ತ ನಿರ್ಮಾಪಕರದು. ಸ್ಟುಡಿಯೊ ಬಿಲ್ ಯಾರು ಕಟ್ಟಿದರು, ಯಾವ ಹಣದಿಂದ ಎಂಬುದು ಇಲ್ಲಿ ಮುಖ್ಯ. ಮುದ್ರಣ ಮ್ಯಾನೇಜರ್ ಅವರದೇ ಎಂದಾದರೆ ಹಾಡನ್ನು ಮತ್ತೆ ಮುದ್ರಿಸಿ, ರಾಗ ನಿಮ್ಮದೇ ಇದೆ.

ಯೂಟ್ಯೂಬ್ ಚಾನೆಲ್ ಬ್ರ್ಯಾಂಡ್ ಅಕೌಂಟ್ (ಹಲವರು ಸೇರಿ ನಿರ್ವಹಿಸಬಹುದಾದ ಖಾತೆ) ಆಗಿದ್ದರೆ ಪಾಸ್‌ವರ್ಡ್ ಕೇಳುವುದು ವ್ಯರ್ಥ. ನಿಮ್ಮವರೊಬ್ಬರನ್ನು ‘ಓನರ್’ ಆಗಿ ಸೇರಿಸಿ, 7 ದಿನ ಕಳೆದ ಮೇಲೆ ‘ಪ್ರೈಮರಿ ಓನರ್’ ಮಾಡಲು ನೋಟಿಸ್‌ನಲ್ಲೇ ಕೇಳಿ.

ಇಷ್ಟಕ್ಕೂ ಬಗ್ಗದಿದ್ದರೆ ದಾವೆ. ವಾಣಿಜ್ಯ ವ್ಯಾಜ್ಯವಾಗಿದ್ದು ಮೊತ್ತ ₹3 ಲಕ್ಷ ಮುಟ್ಟಿದರೆ, ತುರ್ತು ತಡೆಯಾಜ್ಞೆ ಬೇಡದ ಪಕ್ಷದಲ್ಲಿ, ಮೊದಲು ಮಧ್ಯಸ್ಥಿಕೆ ಕಡ್ಡಾಯ. ಹಣ ನುಂಗಿದ್ದಕ್ಕೆ ದಾಖಲೆ ಕೈಗೆ ಬಂದರೆ, ನಂಬಿಕೆದ್ರೋಹದ ದೂರನ್ನು ಆಗ ವಕೀಲರೊಂದಿಗೆ ಯೋಚಿಸಿ.

ಇನ್ನು ಮುಂದೆ ಹಣ ಬ್ಯಾಂಡಿನ ಖಾತೆಗೇ ಹಾಕಲು ಆಯೋಜಕರಿಗೆ ಈಗಲೇ ಪತ್ರ ಬರೆಯಿರಿ. ಬಿಡಿಸುವ ಮೊದಲೇ ಅವರು ಗೊತ್ತುಮಾಡಿದ್ದ ಶೋಗಳ ಕಮಿಷನ್ ಬೇರೆ ತೆಗೆದಿಡಿ. ಅದನ್ನು ನೀವು ಖರ್ಚು ಮಾಡಿದರೆ ಪ್ರತಿದಾವೆ ಹೂಡಲು ಅವರಿಗೆ ಅಷ್ಟೇ ಸಾಕು.